ಬಿಟ್ಟುಹೋದ ಸಾಲು

ಕೈಲಿರುವ ಕೆಲಸ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದು ಹೋಗಬೇಡಿ. ಆ ಬೆಳಿಗ್ಗೆ ಮುದ್ರಣಾಲಯದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ!

ಅವಳು ಅಲ್ಲಿ ಪ್ರೂಫ್ ರೀಡರ್. ಗಂಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ. ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಯಾರೋ ಮರೆತ ಸೂಜಿ ಅವನ ಹೆಬ್ಬೆರಳಿಗೆ ಚುಚ್ಚಿತು. ಕೆಲವು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹೆಪಟೈಟಿಸ್ ಬಿ, ಜೊತೆ ಮಲಗಿದರೆ ಹೆಂಡತಿಗೂ ಅಂಟುವ ರೋಗ. ಅವಳಿಗೆ ಲಸಿಕೆ ಎರಡೆರಡು ಸುತ್ತು ಹಾಕಿಸಿದರೂ ಮೈಗೆ ಹತ್ತಲೇ ಇಲ್ಲ, ರಕ್ಷಣೆ ಸಿಗಲಿಲ್ಲ. ಡಾಕ್ಟರಮ್ಮ ಕಾಂಡೋಮಿನ ಒಂದು ಪೆಟ್ಟಿಗೆ ಕೈಗಿಟ್ಟು, "ಇದನ್ನ ಮರೀಬೇಡಿ, ಆಮೇಲೆ ಹಾಯಾಗಿರಿ," ಅಂದರು.

ಹಾಯಾಗಿರುವುದು ಎಲ್ಲಿಂದ ಬಂತು! ಗಂಡಹೆಂಡಿರಿಬ್ಬರೂ ಒಂದು ಭಕ್ತಸಭೆಗೆ ಸೇರಿದವರು. ದಂಪತಿ ನಡುವೆ ಯಾವ ತಡೆಯೂ ಕೂಡದು, ಅದು ಪಾಪ ಎನ್ನುವುದು ಸಭೆಯ ನಿಯಮ. ಪೆಟ್ಟಿಗೆ ಬೀರುವಿನಲ್ಲಿ ಇಸ್ತ್ರಿಪೆಟ್ಟಿಗೆಯ ಹಿಂದೆ ಸೇರಿತು. ಗಂಡ ದಿಂಬು ಎತ್ತಿಕೊಂಡು ಮುಂದಿನ ಕೋಣೆ ಸೇರಿದ.

"ಹನ್ನೊಂದು ತಿಂಗಳಾಯ್ತು ರೀ! ಮನೇಲಿರೋದು ಗಂಡನೋ ಬಾಡಿಗೆಯವನೋ ಅಂತ ನಂಗೇ ಅನುಮಾನ."

"ಬಾಡಿಗೆಯವನಾದ್ರೆ ಬಾಡಿಗೆ ಕೊಡ್ತಿದ್ದೆ ಕಣೇ."

"ಹೂಂ, ಅದಕ್ಕೂ ಗತಿಯಿಲ್ಲ ನಂಗೆ!"

ಅವನು ನಕ್ಕ. ಆಮೇಲೆ ಮುಖ ಸಣ್ಣದಾಯಿತು. "ನಿಂಗೆ ರೋಗ ಅಂಟಿಸೋಕೆ ನನ್ನ ಕೈಲಾಗಲ್ಲ. ಸಭೆ ಗುರುಗಳ ಮಾತು ಮೀರೋಕೂ ಆಗಲ್ಲ. ಸಭೆ ಪತ್ರಿಕೇಲಿ ಅವರನ್ನೇ ಕೇಳಿ ನೋಡು. ಅವರು ಏನು ಬರೀತಾರೋ ಅದೇ ಕೊನೆ."

ಕೇಳಿಯೇ ಬಿಟ್ಟಳು! ಸಭೆಯ ಮಾಸಪತ್ರಿಕೆಯ ಪ್ರಶ್ನೋತ್ತರಕ್ಕೆ ಹೆಸರಿಲ್ಲದ ಕಾಗದ, ಸೂಜಿಯಿಂದ ಹಿಡಿದು ದಿಂಬಿನವರೆಗೆ ಎಲ್ಲ. ಆ ಪತ್ರಿಕೆ ಅಚ್ಚಾಗುವುದು ಅವಳ ಮುದ್ರಣಾಲಯದಲ್ಲೇ.

ಗುರುಗಳಿಗೆ ಕಣ್ಣು ಮಂಜು. ಹಾಗಾಗಿ ಅವರು ಮುದ್ರಣಾಲಯಕ್ಕೇ ಬರುತ್ತಾರೆ, ಕೊನೆಯ ಪ್ರೂಫನ್ನು ಅವರೆದುರು ಚಿಹ್ನೆಗಳ ಸಮೇತ ಜೋರಾಗಿ ಓದುವುದು ಪದ್ಧತಿ. ಅವಳು ಅಚ್ಚಿನ ಪುಟ ಓದಬೇಕು, ಸಭೆಯ ಕಾರ್ಯದರ್ಶಿ ಮೂಲ ಹಿಡಿದು ನೋಡಬೇಕು. ಅವನಿಗೆ ಕತ್ತರಿಯಣ್ಣ ಅಂತ ಅಡ್ಡಹೆಸರು, ಭಕ್ತರ ಉದ್ದುದ್ದ ಕಾಗದಗಳನ್ನು ಗುರುಗಳ ಕಿವಿಗೆ ಹಾಕುವ ಮುಂಚೆ ಕತ್ತರಿಸುವವನು ಅವನೇ. ಇಬ್ಬರಲ್ಲಿ ಯಾರಾದರೂ "ಬಿಟ್ಟುಹೋಗಿದೆ" ಅಂದರೆ ಓದು ನಿಲ್ಲಬೇಕು, ಮೂಲ ಓದಬೇಕು. ಗುರುಗಳೇ ಹಾಕಿದ ಕಟ್ಟಳೆ.

ಆ ಬೆಳಿಗ್ಗೆ ಅವಳು ಪುಟದ ಮೇಲೆ ಪುಟ ಓದಿದಳು. ಓದುತ್ತ ಓದುತ್ತ ಬಂತು ಅವಳದ್ದೇ ಪ್ರಶ್ನೆ!

"ನಾನು ಮದುವೆಯಾದವಳು. ಫುಲ್‌ಸ್ಟಾಪ್. ನಾವು ಕಾಂಡೋಮ್ ಬಳಸಬಹುದೇ, ಪ್ರಶ್ನೆ ಚಿಹ್ನೆ. ಉತ್ತರ. ಸುಖ ಬೇಕು, ಮಕ್ಕಳು ಬೇಡ ಎನ್ನುವುದು ಸ್ವಾರ್ಥ. ಕೂಡದು. ಫುಲ್‌ಸ್ಟಾಪ್."

ಅಷ್ಟೇ? ಸೂಜಿ ಎಲ್ಲಿ? ರೋಗ ಎಲ್ಲಿ? ಹನ್ನೊಂದು ತಿಂಗಳು ಎಲ್ಲಿ?

"ಬಿಟ್ಟುಹೋಗಿದೆ," ಅಂದಳು.

ಕತ್ತರಿಯಣ್ಣ ತಲೆ ಎತ್ತಿದ. "ಏನೂ ಬಿಟ್ಟಿಲ್ಲಮ್ಮ, ಮೂಲ ನನ್ನ ಕೈಲೇ ಇದೆ."

"ನಿಮ್ಮ ಕೈಲಿರೋದು ನೀವು ಬರ್ಕೊಂಡಿದ್ದು. ಮೂಲದ ನಕಲು ನನ್ನ ಹತ್ರ ಇದೆ."

"ನಿನ್ನ ಹತ್ರ ಹೇಗಮ್ಮ ಬಂತು?" ಗುರುಗಳು ಕೇಳಿದರು.

ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ! "ಬರೆದವಳು ನಾನೇ, ಗುರುಗಳೇ."

ಕೈಚೀಲದಿಂದ ಕಾಗದ ತೆಗೆದು ಓದಿದಳು. ಚಿಹ್ನೆ ಹೇಳುವುದನ್ನೂ ಮರೆತು ಒಂದೇ ಉಸಿರಿಗೆ! ಕತ್ತರಿಯಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. "ಮಾನದ ವಿಷಯ... ಅಚ್ಚಲ್ಲಿ ಬೇಡ ಅಂತ..." ಎಂದು ತೊದಲಿದ.

ಗುರುಗಳು ಅವನತ್ತ ತಿರುಗಿದರು. "ನಾನು ಬೇರೆ ಯಾರಿಗೋ ಉತ್ತರ ಕೊಟ್ಟಿದೀನಿ," ಅಂದರು. "ಅದನ್ನ ತೆಗಿ. ಇವಳ ಕಾಗದ ಪೂರ್ತಿ ಹಾಕು."

"ಹೊಸ ಉತ್ತರ, ಗುರುಗಳೇ?" ಅವಳು ಪೆನ್ಸಿಲ್ ಹಿಡಿದು ಕಾದಳು.

"ನಿಯಮ ನಾನು ಮಾಡಿದ್ದಲ್ಲಮ್ಮ, ಸರಿ ಅಂತ ಬರೆಯೋಕೆ ನನ್ನಿಂದ ಆಗಲ್ಲ. ಕೂಡದು ಅಂತ ಬರೆದು ನಿನ್ನ ಜೀವದ ಮೇಲೆ ಸಹಿ ಹಾಕೋಕೂ ಆಗಲ್ಲ. ಜಾಗ ಖಾಲಿ ಬಿಡು."

ಹಾಗೇ ಸಹಿ ಹಾಕಿದರು! ಉತ್ತರ ಎಂಬ ತಲೆಬರಹ, ಕೆಳಗೆ ನಾಲ್ಕು ಬೆರಳಗಲ ಬಿಳಿ ಕಾಗದ.

ಸಂಜೆ ಮಸಿ ಆರದ ಪುಟ ಹಿಡಿದು ಮೆಟ್ಟಿಲು ಎರಡೆರಡು ಹಾರಿ ಮನೆಗೆ ಬಂದಳು. ಗಂಡ ಓದಿದ, ಪುಟ ತಿರುಗಿಸಿದ, ಮತ್ತೆ ಓದಿದ.

"ಉತ್ತರ ಎಲ್ಲೇ?"

"ಅವರಿಗೂ ಬರಲಿಲ್ಲ ರೀ. ಆ ಜಾಗ ನಮಗೆ ಬಿಟ್ಟಿದ್ದಾರೆ."

ಅವನು ಆ ಬಿಳಿ ಜಾಗದ ಮೇಲೆ ಹೆಬ್ಬೆರಳು ಆಡಿಸಿದ, ಸೂಜಿ ಚುಚ್ಚಿದ ಅದೇ ಬೆರಳು. ಎದ್ದು ಮುಂದಿನ ಕೋಣೆಗೆ ಹೋದ. ಅವಳ ಜೀವ ಬಾಯಿಗೆ ಬಂತು. ವಾಪಸ್ ಬಂದಾಗ ಕಂಕುಳಲ್ಲಿ ದಿಂಬಿತ್ತು!

"ಇಸ್ತ್ರಿಪೆಟ್ಟಿಗೆ ಹಿಂದೆ ಇಟ್ಟಿದ್ದೆ ಅಲ್ವಾ?" ಅಂದ, ಕಿವಿಯವರೆಗೂ ಕೆಂಪಾಗಿ.

"ಅಲ್ಲೇ ಇದೆ, ಬಾಡಿಗೆಯವರೇ!"

ಅವರಿಬ್ಬರೂ ತಮ್ಮ ಉತ್ತರ ಬರೆದುಕೊಂಡರು, ಬಿಡಿ. ನಾನು ಕೇಳುವುದು ನಿಮ್ಮನ್ನು. ಗುರುಗಳ ಕುರ್ಚಿಯಲ್ಲಿ ನೀವು ಕೂತಿದ್ದು, ಅವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದರೆ, ಆ ನಾಲ್ಕು ಬೆರಳು ಜಾಗದಲ್ಲಿ ನೀವು ಏನು ಬರೆಸುತ್ತಿದ್ದಿರಿ?