ರಾಚಪ್ಪಣ್ಣನ ಮ್ಯಾಗ್ನೆಟ್

ಆಸ್ಪತ್ರೆಯ ಎಂಆರ್‌ಐ ಕೋಣೆಯ ಬಾಗಿಲಾಚೆ ಟಕ್ ಟಕ್ ಟಕ್, ಆಮೇಲೆ ಗುರ್ರೆಂದು ಒಂದೇ ಸಮನೆ, ಬೇರಿಂಗ್ ಹೋಗಿದೆಯೇನೋ, ಇಲ್ಲ, ಬೇರಿಂಗ್ ಹೋದರೆ ಸದ್ದು ಹೀಗೆ ಅಳತೆ ತಪ್ಪದೆ ಬರುವುದಿಲ್ಲ, ಮುನಿರಾಜು ಬೆಂಚಿನ ಮೇಲೆ ಮುಂದಕ್ಕೆ ಬಾಗಿದ, ರಾಜಾಜಿನಗರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಕೇಳಿಸಿಕೊಂಡ ಕಿವಿ, ಸದ್ದಿನಿಂದಲೇ ಯಂತ್ರದ ಕಾಯಿಲೆ ಹೇಳುತ್ತಿದ್ದವನು, ಈಗ ಅವನ ತಲೆಸುತ್ತು ಯಾತರದೆಂದು ಯಂತ್ರ ಹೇಳಬೇಕು. ಒಳಗೆ ತಿರುಗುವುದು ಏನು, ಬೆಲ್ಟೇ, ಗೇರೇ — ಏನೂ ತಿರುಗಲ್ಲ ಅಂಕಲ್, ದೊಡ್ಡ ಮ್ಯಾಗ್ನೆಟ್ ಅಷ್ಟೆ, ಟೆಕ್ನಿಷಿಯನ್ ಹುಡುಗಿ ಸಿಂಚನಾ ನಕ್ಕಿದ್ದಳು, ಹತ್ರ ತಂದ್ರೆ ಸ್ಟ್ರೆಚರ್ನೂ ಎಳ್ಕೊಂಬಿಡುತ್ತೆ — ಅಷ್ಟು ದೊಡ್ಡದು! ಕಾರ್ಖಾನೆಯ ಹಿರಿಯ ರಾಚಪ್ಪಣ್ಣನ ಮ್ಯಾಗ್ನೆಟ್ಟು ಅಂಗೈಯಗಲ, ಹಳೇ ರೇಡಿಯೋ ಸ್ಪೀಕರಿನದು, ಲೇತಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು, ಅಂಚಿಗೆ ಸದಾ ಕಬ್ಬಿಣದ ಪುಡಿಯ ಕರೀ ಗಡ್ಡ, ಯಾರ ಕಣ್ಣಿಗೆ ಚೂರು ಹಾರಿದರೂ ಅದೇ ಡಾಕ್ಟರು, ಮಿಸುಕಬೇಡ್ವೋ ಮಗಾ, ರೆಪ್ಪೆ ಬಿಡು, ಬೀಡಿ ವಾಸನೆ, ಅವತ್ತು ತನ್ನ ಎಡಗಣ್ಣ ಮೇಲೆ ತಣ್ಣನೆ ಅಂಚು, ಬಂತು ಕಣೋ ಬಂತು, ನೋಡ್ಕೋ. ಬೆಳಿಗ್ಗೆ ಸೊಸೆ ಬಿಂದುಶ್ರೀ ಫಾರಂ ಓದುತ್ತಿದ್ದಳು, ಪೇಸ್‌ಮೇಕರ್, ಇಲ್ಲ, ಮೂಳೆಗೆ ರಾಡು, ಇಲ್ಲ, ಕಣ್ಣಿಗೆ ಯಾವಾಗ್ಲಾದ್ರೂ ಲೋಹದ ಚೂರು — ಎಲ್ಲಾ ಇಲ್ಲ ತಾನೇ ಮಾವ, ಹೂಂ ಅಂದಿದ್ದ, ರಜೆ ಹಾಕಿ ಬಂದವಳು, ಮೂರು ವಾರ ಕಾದು ಸಿಕ್ಕಿದ ಸರದಿ, ಬಿದ್ದಿದ್ದರೂ ಅವತ್ತೇ ತೆಗೆದಾಗಿದೆಯಲ್ಲ. ಆಗಿದೆಯೇ? ತಿಂಗಳುಗಟ್ಟಲೆ ಸೋರಿದ ಕಣ್ಣು, ಇವತ್ತಿಗೂ, ಈಗಿರುವ ಮಾರೇನಹಳ್ಳಿಯ ಧೂಳಿಗೆ ಮೊದಲು ಕೆಂಪಾಗುವುದು ಅದೇ — ಹಾಗಾದರೆ ನಲವತ್ತು ವರ್ಷದಿಂದ ಒಳಗೇ ಕೂತಿದೆಯೋ, ರೆಪ್ಪೆಯ ಹಿಂದೆಯೋ, ಗುಡ್ಡೆಯಲ್ಲೋ, ಆ ದೊಡ್ಡ ಮ್ಯಾಗ್ನೆಟ್ ಕರೆದರೆ ಯಾವ ಕಡೆ ಹೊರಡುತ್ತದೆ, ಬಂದ ದಾರಿಯಲ್ಲೋ, ಹೊಸ ದಾರಿ ಕೊರೆದುಕೊಂಡೋ.

ಸದ್ದು ನಿಂತಿತು, ಬಾಗಿಲು ತೆರೆಯಿತು, ಬನ್ನಿ ಅಂಕಲ್, ಉಂಗುರ, ಉಡಿದಾರ ಎಲ್ಲ ಬಿಚ್ಚಿದ್ರಾ, ಬಿಚ್ಚಿದಾರೆ ಮೇಡಂ, ಬಿಂದುಶ್ರೀ ಮೊಬೈಲಿನಿಂದ ತಲೆಯೆತ್ತಲಿಲ್ಲ, ಇವತ್ತು ತಪ್ಪಿದರೆ ಮತ್ತೆ ಮೂರು ವಾರ, ಮತ್ತೆ ಅವಳ ರಜೆ, ಹೇಳದಿದ್ದರೆ ಕಣ್ಣು — ಹೊಸ್ತಿಲಲ್ಲಿ ಕಾಲು ನಿಂತಿತು, ಒಂದ್ನಿಮಿಷ ತಾಯಿ, ಫಾರಂನಲ್ಲಿ ಒಂದು ತಪ್ಪಾಗಿದೆ, ಈ ಕಣ್ಣಿಗೆ ಒಂದ್ಸಲ ಚೂರು ಬಿದ್ದಿತ್ತು. ಅಯ್ಯೋ ಮಾವ, ಈಗ ಹೇಳ್ತಿದೀರಾ! ಸಿಂಚನಾ ಬಾಗಿಲು ಎಳೆದುಕೊಂಡು ಅವನನ್ನು ಹಿಂದಕ್ಕೆ ಕರೆತಂದಳು, ಒಳ್ಳೇದಾಯ್ತು ಹೇಳಿದ್ದು, ಮೊದ್ಲು ಎಕ್ಸ್‌ರೇ ಮಾಡ್ಬೇಕು, ಆವಾಗ ಚೂರು ಬಂತಾ ಅಂಕಲ್, ನೀವೇ ಕಣ್ಣಾರೆ ನೋಡಿದ್ರಾ? ನೋಡಿದ್ದ, ಕಣ್ಣೀರಿನ ಮಬ್ಬಿನಲ್ಲಿ, ರಾಚಪ್ಪಣ್ಣ ಮೂಗಿನೆದುರು ಹಿಡಿದಿದ್ದ, ಬಂತು ಕಣೋ ಬಂತು, ನೂರಾರು ಚೂರು ನೆಟ್ಟಗೆ ನಿಂತಿದ್ದವು, ಅಷ್ಟರಲ್ಲಿ ತನ್ನದು ಯಾವುದು, ಮ್ಯಾಗ್ನೆಟ್ಟಿನ ಅಂಚಿನಲ್ಲಿ ಆ ಕರೀ ಗಡ್ಡ, ಕಣ್ಣಿಗೆ ಒತ್ತುವ ಮೊದಲೂ ಇದ್ದ ಆ ಕರೀ ಗಡ್ಡ.