ಕಾಯಿಗೊಂದು ಮಾತ್ರೆ

ನನ್ನ ಹೆಂಡತಿಯ ತಮ್ಮ ಹಾಲಸ್ವಾಮಿಯ ಕಿವಿಗೆ ತೆಂಗಿನಕಾಯಿಗಳು ಮಾತಾಡುವುದು ಕೇಳಿಸುತ್ತಿದೆ ಎಂಬ ಸಂಗತಿ ಅವರ ಮನೆಯವರಿಗೆ ಬಹಳ ತಿಂಗಳು ಗೊತ್ತೇ ಆಗಲಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಹಂದನಕೆರೆ ಕಡೆಯ ತೋಟದ ಮನೆಗಳಲ್ಲಿ ಕಾಯಿಗೆ ಕಿವಿಗೊಡುವುದು ದಿನದ ಕೆಲಸ. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಹರಡಿದ ಕಾಯಿಯಲ್ಲಿ ನೀರು ಬತ್ತುತ್ತದೆ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗೊಟಗೊಟ ಎಂದರೆ ಆಗಿದೆ. ಆ ಮನೆಯಲ್ಲಿ ಈ ಕೆಲಸ ಹಾಲಸ್ವಾಮಿಯದು.

ಹೀಗಾಗಿ ಅವನು ಕಣ್ಣು ಮುಚ್ಚಿಕೊಂಡು ಒಂದೊಂದು ಕಾಯಿಯ ಮುಂದೆ ಅರ್ಧ ಗಂಟೆ ಕೂತರೆ, ಅವನ ತಾಯಿ ಚಿಕ್ಕಗೌರಮ್ಮ, “ನನ್ನ ಮಗನಿಗಿರೋ ನಿಗಾ ಯಾರಿಗೈತೆ” ಎಂದು ನೆರೆಯವರಿಗೆ ಹೇಳುತ್ತಿದ್ದರು. “ಇದಿನ್ನೂ ಮಾತು ಮುಗಿಸಿಲ್ಲ” ಎಂದು ಅವನು ಒಂದನ್ನು ಪಕ್ಕಕ್ಕಿಟ್ಟರೆ, ಅಣ್ಣ ದೊಡ್ಡಣ್ಣ ಅದು ಇನ್ನೂ ಒಣಗಿಲ್ಲವೆಂದು ತಿಳಿದುಕೊಳ್ಳುತ್ತಿದ್ದ. “ಇದು ಸುಳ್ಳು ಹೇಳ್ತದೆ” ಎಂದರೆ ಕೊಳೆತಿದೆ ಎಂದು ಅರ್ಥ ಮಾಡಿಕೊಳ್ಳುತ್ತಿದ್ದ. ಒಂದು ಸಲ ಒಡೆದು ನೋಡಿದರೆ ಅದು ನಿಜಕ್ಕೂ ಕೊಳೆತಿತ್ತು.

ಕೊನೆಗೆ ಒಂದು ದಿನ ಹಾಲಸ್ವಾಮಿ ಬಾಯಿಗೆ ಟವೆಲ್ ಕಟ್ಟಿಕೊಂಡು ಊಟಕ್ಕೆ ಬಂದ. ಅಣ್ಣ ತನ್ನ ಬಾಯಿಗೆ ಸಿಮೆಂಟ್ ಸುರಿಯಲಿದ್ದಾನೆಂದು ಅಟ್ಟದ ಕಾಯಿಗಳು ಹೇಳಿದವಂತೆ. ಅವತ್ತಿನಿಂದ ಅಟ್ಟದ ಏಣಿಯ ಬುಡದಲ್ಲಿ ಕೂತುಬಿಟ್ಟ. ಒಂದು ಕಾಯನ್ನೂ ಒಡೆಯಲು ಬಿಡಲಿಲ್ಲ. ಒಡೆದರೆ ಒಳಗಿನ ಮಾತು ಸತ್ತುಹೋಗುತ್ತದೆ ಎಂದ.

ಇದು ಎಪ್ಪತ್ತೊಂಬತ್ತನೇ ಇಸವಿಯ ಮಾತು. ಆಗ ತಿಪಟೂರಿಗೆ ಬೆಂಗಳೂರಿನಿಂದ ತಿಂಗಳಿಗೊಮ್ಮೆ ಒಬ್ಬರು ಮಾನಸಿಕ ರೋಗದ ಡಾಕ್ಟರಮ್ಮ ಬರುತ್ತಿದ್ದರು. ಅವರು ಹಾಲಸ್ವಾಮಿಯನ್ನು ನೋಡಿ, ಇದು ಸ್ಕಿಜೋಫ್ರೇನಿಯಾ ಎಂದು ಹೇಳಿ ಕಿತ್ತಳೆ ಬಣ್ಣದ ಮಾತ್ರೆ ಕೊಟ್ಟರು. ಹಾಲಸ್ವಾಮಿ ಅದನ್ನು ಮುಟ್ಟಲಿಲ್ಲ.

“ಮಾತಾಡ್ತಿರೋದು ಕಾಯಿ ಕಣವ್ವ, ನಾನಲ್ಲ. ಮಾತ್ರೆನ ಕಾಯಿಗೆ ಕೊಡು” ಎಂದ.

ಚಿಕ್ಕಗೌರಮ್ಮನವರಿಗೆ ಇದು ಅಷ್ಟೇನೂ ಅನ್ಯಾಯವಾಗಿ ಕಾಣಲಿಲ್ಲ. “ಅದಕ್ಕೊಂದು ಕೊಟ್ರೆ ನೀನೊಂದು ನುಂಗ್ತೀಯಾ?” ಎಂದು ಕೇಳಿದರು. ಅವನು ಒಪ್ಪಿದ. ಆಕೆ ಗೋಣಿ ಹೊಲಿಯುವ ದಬ್ಬಳದಿಂದ ಒಂದು ಸುಲಿದ ಕಾಯಿಯ ಕಣ್ಣನ್ನು ಕೊರೆದು, ಮಾತ್ರೆಯನ್ನು ಒಳಗೆ ತುರುಕಿ, ತೂತಿಗೆ ಮೇಣ ಮೆತ್ತಿದರು. ಹಾಲಸ್ವಾಮಿ ಅಲ್ಲಾಡಿಸಿ ಕೇಳಿದ. “ಮೊದಲು ಒಬ್ಬನೇ ಮಾತಾಡೋನು. ಈಗ ಇಬ್ರು ಆಗವ್ರೆ” ಎಂದು ಎದ್ದುಹೋದ.

ದೊಡ್ಡಣ್ಣನ ತಾಳ್ಮೆ ಅಲ್ಲಿಗೆ ಮುಗಿಯಿತು. ಭಾನುವಾರದೊಳಗೆ ತಮ್ಮ ಮಾತ್ರೆ ನುಂಗದಿದ್ದರೆ ಜೀಪಿನಲ್ಲಿ ಕೂರಿಸಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಬರುವುದೆಂದು ತೀರ್ಮಾನಿಸಿದ. ತಾಯಿ ಅತ್ತರು. ಒಮ್ಮೆ ಅಲ್ಲಿಗೆ ಬಿಟ್ಟರೆ ಮಗ ತಿರುಗಿ ಬರುವುದಿಲ್ಲ ಎಂಬ ಭಯ ಅವರಿಗೆ. ಅಷ್ಟರಲ್ಲಿ ಅವನಿಗೆ ತಿಳಿಯುವಂತೆ ಹೇಳುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಕಾರಣ, ನಾನು ಹಗಲು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದುಕೊಂಡು ಸಂಜೆ ಕಾಲೇಜಿನಲ್ಲಿ ವಿಜ್ಞಾನ ಓದಿದವನು. ಮಿದುಳಿನ ಪಾಠದ ದಿನ ಕರೆಂಟ್ ಹೋಗಿ, ಮೇಷ್ಟ್ರು ಕತ್ತಲಲ್ಲೇ ಬೋರ್ಡಿನ ಮೇಲೆ ಚಿತ್ರ ಬರೆದಿದ್ದರು. ಆ ಚಿತ್ರವನ್ನು ನಾನು ನೋಡಿಲ್ಲ. ಇದನ್ನು ಅತ್ತೆಯವರಿಗೆ ಹೇಳಿದೆ. “ಕೇಳಿಸ್ಕೊಂಡಿದ್ದೀರಲ್ಲ, ಸಾಕು ಬುಡಿ” ಎಂದರು.

ನಾನು ಬೆಂಗಳೂರಿಗೇ ಹೋಗಿ ಡಾಕ್ಟರಮ್ಮನನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡು ಬಂದೆ. ಭಾನುವಾರ ಬೆಳಿಗ್ಗೆ ಹಂದನಕೆರೆಗೆ ಹೋಗುವಷ್ಟರಲ್ಲಿ ಜೀಪು ಅಂಗಳದಲ್ಲಿ ನಿಂತಿತ್ತು. ಜೀಪಿನ ಡ್ರೈವರ್ ದಸ್ತಗೀರ್ ಸಾಬರು ಬಾನೆಟ್ ಮೇಲೆ ಒರಗಿ ಬೀಡಿ ಸೇದುತ್ತಿದ್ದರು. ಬರೀ ಬಾಯಲ್ಲಿ ಹೇಳಿದರೆ ತಪ್ಪಾದೀತೆಂದು ಹೆದರಿ, ನಾನು ಅವರನ್ನು ಒಳಗೆ ಕರೆದು ಏಣಿಯ ಮೇಲೆ ನಿಲ್ಲಿಸಿದೆ. ದೊಡ್ಡಣ್ಣನನ್ನು ಕೆಳಗೆ ಕಾಯಿ ರಾಶಿಯ ಪಕ್ಕ ನಿಲ್ಲಿಸಿದೆ.

“ದೊಡ್ಡಣ್ಣ ಒಂದು ಮಿದುಳಿನ ಕಣ. ಸಾಬರು ಪಕ್ಕದ ಕಣ” ಎಂದೆ.

“ನಾನು ಮಿದುಳಾ?” ಎಂದರು ದಸ್ತಗೀರ್. “ಈ ಮಾತನ್ನ ನಮ್ಮಮ್ಮ ಕೇಳಬೇಕಿತ್ತು.”

“ಕಣಕ್ಕೂ ಕಣಕ್ಕೂ ನಡುವೆ ಒಂದು ಸಂದು ಇರುತ್ತೆ. ಒಂದು ಇನ್ನೊಂದನ್ನ ಮುಟ್ಟಲ್ಲ. ಏನಾದರೂ ಹೇಳಬೇಕಾದರೆ ಡೋಪಮಿನ್ ಅನ್ನೋ ವಸ್ತುವನ್ನ ಸಂದಿಗೆ ಎಸೆಯುತ್ತೆ. ಪಕ್ಕದ ಕಣದಲ್ಲಿ ಅದನ್ನ ಹಿಡಿಯೋಕೇ ಅಂತ ಜಾಗಗಳಿರುತ್ತವೆ. ಹಿಡಿದರೆ ಸುದ್ದಿ ಮುಟ್ಟಿತು.”

ದೊಡ್ಡಣ್ಣ ಕಾಯಿ ಎಸೆದ, ಸಾಬರು ಹಿಡಿದರು. ಅಟ್ಟಕ್ಕೆ ಕಾಯಿ ಏರಿಸಿ ಇಬ್ಬರಿಗೂ ರೂಢಿಯಿತ್ತು. ಏಣಿಯ ಬುಡದಲ್ಲಿ ಕೂತ ಹಾಲಸ್ವಾಮಿ ಟವೆಲಿನ ಮೇಲಿಂದ ಕಣ್ಣಲ್ಲೇ ಕಾಯಿಗಳನ್ನು ಹಿಂಬಾಲಿಸುತ್ತಿದ್ದ.

“ನಿನ್ನಲ್ಲಿ ಎಸೆಯೋದು ಜಾಸ್ತಿಯಾಗಿದೆ. ಅದಕ್ಕೇ ಬೇಡದ ಸುದ್ದಿ ಮುಟ್ಟುತ್ತಿದೆ” ಎಂದೆ. ಆಮೇಲೆ ಸಾಬರ ಎರಡೂ ಕೈಗೆ ಒಂದೊಂದು ಕರಟ ಕೊಟ್ಟೆ. “ಇದು ಮಾತ್ರೆ. ಹಿಡಿಯೋ ಜಾಗದಲ್ಲಿ ಮಾತ್ರೆ ಹೋಗಿ ಕೂತರೆ ಡೋಪಮಿನ್‌ಗೆ ಜಾಗ ಇರಲ್ಲ.”

ನಾನು ಬೇಡವೆನ್ನುವಷ್ಟರಲ್ಲಿ ದೊಡ್ಡಣ್ಣ ಎಸೆದುಬಿಟ್ಟ. ಕಾಯಿ ಸಾಬರ ಎದೆಗೆ ಬಡಿದು ಕೆಳಗುರುಳಿತು.

“ವಾಸಿಯಾಯ್ತಾ?” ಎಂದರು ಸಾಬರು, ಎದೆ ನೀವಿಕೊಳ್ಳುತ್ತ.

ಹಾಲಸ್ವಾಮಿ ಟವೆಲ್ ಬಿಚ್ಚಿದ. “ಭಾವ, ಎಸೆಯೋದು ಜಾಸ್ತಿಯೋ, ಹಿಡಿಯೋ ಕೈ ಜಾಸ್ತಿಯೋ?”

ಇದೇ ಪ್ರಶ್ನೆಯನ್ನು ನಾನು ಡಾಕ್ಟರಮ್ಮನಿಗೂ ಕೇಳಿದ್ದೆ. “ಸರಿಯಾಗಿ ಗೊತ್ತಿಲ್ಲ” ಎಂದೆ.

“ಅದನ್ನ ಯಾರಾದ್ರೂ ಕಣ್ಣಲ್ಲಿ ಕಂಡವ್ರಾ?”

“ಬದುಕಿರುವವನ ಮಿದುಳಲ್ಲಿ ಕಂಡವರಿಲ್ಲ. ಹಿಡಿಯೋ ಜಾಗವನ್ನ ಮುಚ್ಚೋ ಮಾತ್ರೆ ಕೊಟ್ಟರೆ ಎಷ್ಟೋ ಜನಕ್ಕೆ ದನಿಗಳು ಕಮ್ಮಿಯಾಗುತ್ತವೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಹೀಗಿರಬಹುದು ಅಂತಾರೆ. ಬೇರೆ ಕಾರಣವೂ ಇರಬಹುದು. ಬಾಯಿ ಒಣಗಬಹುದು, ಕೈ ನಡುಗಬಹುದು. ಎಲ್ಲರಿಗೂ ಗುಣವಾಗುತ್ತೆ ಅಂತಲೂ ಇಲ್ಲ.”

ದೊಡ್ಡಣ್ಣ ಕೈಲಿದ್ದ ಕಾಯನ್ನು ನೆಲಕ್ಕೆ ಹಾಕಿದ. “ಭಾವ, ನೀನು ಯಾರ ಕಡೆ ಕಣಪ್ಪ? ಗೊತ್ತು ಅಂತ ಒಂದು ಮಾತು ಹೇಳಕ್ಕೆ ನಿನಗೇನು ಕಷ್ಟ? ಜೀಪು ನಿಂತೈತೆ.”

ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡಿದರು. ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು ಎನ್ನಿಸಿತು. ಆದರೆ ಆ ಸುಳ್ಳನ್ನು ಹೇಗೆ ಹೇಳಬೇಕೆಂದು ನಾನು ಯೋಚಿಸುತ್ತಿರುವಾಗಲೇ ಹಾಲಸ್ವಾಮಿ ಎದ್ದು, ಮಾತ್ರೆ ತುರುಕಿದ ಕಾಯನ್ನು ಗೂಡಿನಿಂದ ತಂದು ಕಿವಿಗೆ ಹಿಡಿದ. ಬಹಳ ಹೊತ್ತು ಕೇಳಿದ.

“ಏನಂತದೆ?” ಎಂದರು ತಾಯಿ ಮೆಲ್ಲಗೆ.

“ಭಾವ ಮೋಸಗಾರ ಅಂತದೆ. ಖಂಡಿತ ಅಂತದೆ.” ಹಾಲಸ್ವಾಮಿ ಕಾಯನ್ನು ಕೆಳಗಿಳಿಸಿದ. “ಇವು ಇಷ್ಟು ದಿನ ಮಾತಾಡಿದ್ದೆಲ್ಲ ಖಂಡಿತವಾಗೇ ಕಣವ್ವ. ಸಿಮೆಂಟು ಖಂಡಿತ, ಅಣ್ಣ ಖಂಡಿತ, ಎಲ್ಲಾ ಖಂಡಿತ. ಗೊತ್ತಿಲ್ಲ ಅಂತ ಒಂದು ಕಾಯೂ ಒಂದಿನ ಅಂದಿಲ್ಲ. ಮೋಸ ಮಾಡೋನು ಭಾವನಂಗೆ ತಡವರಿಸ್ತಾನಾ?”

“ಅದೇನೋ ನಿಜ” ಎಂದರು ಏಣಿಯ ಮೇಲಿನ ಸಾಬರು. “ಇನ್ನೂ ಈ ಕರಟ ಹಿಡ್ಕೊಂಡೇ ಇರಬೇಕಾ?”

ಹಾಲಸ್ವಾಮಿ ನನ್ನ ಕಡೆ ತಿರುಗಿದ. “ಗೊಟಗೊಟ ಅನ್ನೋದು ಕೊಬ್ಬರಿ ಒಂದರಿಂದ್ಲೇ ಅಲ್ಲ, ಚಿಪ್ಪು ಒಂದರಿಂದ್ಲೂ ಅಲ್ಲ ಭಾವ. ನಡುವೆ ಸಂದು ಬಿದ್ದರೇನೇ ಅನ್ನೋದು. ನೀನು ಹೇಳಿದ ಸಂದೂ ಅಂಗೇನಾ?”

“ಇರಬಹುದು” ಎಂದೆ. “ಅಷ್ಟು ಸುಲಭವಾಗಿ ಇರಲಿಕ್ಕಿಲ್ಲ.”

ಅವನು ಕೈ ಚಾಚಿದ. ಚಿಕ್ಕಗೌರಮ್ಮ ಮಾತ್ರೆ ಕೊಟ್ಟು, ಚೊಂಬಿನ ನೀರನ್ನು ತಾವೇ ಒಂದು ಗುಟುಕು ಕುಡಿದು ತೋರಿಸಿದರು. ಅವನು ನುಂಗಿದ. ಸಾಬರು ಏಣಿಯಿಂದ ಇಳಿದು ಖಾಲಿ ಜೀಪನ್ನು ತೆಗೆದುಕೊಂಡು ಹೊರಟರು.

ನಾನು ಹೇಳಿದಂತೆಯೇ ಹಾಲಸ್ವಾಮಿಗೆ ಬಾಯಿ ಒಣಗಿತು, ಕೈ ನಡುಗಿತು. ನಾನು ಪ್ರತಿ ಭಾನುವಾರ ಹೋಗಿ ತಪ್ಪು ಮಾಡಿದೆನೇನೋ ಎಂದು ನೋಡಿ ಬರುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಹೋದಾಗ ಅವನು ಅದೇ ಮೇಣ ಮೆತ್ತಿದ ಕಾಯನ್ನು ಹಿಡಿದು ಜಗಲಿಯ ಮೇಲೆ ಕೂತಿದ್ದ. ಕಿವಿಯ ಹತ್ತಿರ ಅಲ್ಲಾಡಿಸಿದ. ನನಗೂ ಗೊಟಗೊಟ ಕೇಳಿಸಿತು.

“ಏನಂತದೆ ಹಾಲಸ್ವಾಮಿ?”

ಅವನು ಇನ್ನೊಮ್ಮೆ ಅಲ್ಲಾಡಿಸಿ, ಸ್ವಲ್ಪ ಯೋಚಿಸಿದ.

“ಆಗಿರಬಹುದು ಅನ್ಸುತ್ತೆ ಭಾವ. ಒಡೆದು ನೋಡಬೇಕು” ಎಂದು ನಡುಗುವ ಕೈಯಲ್ಲಿ ಮಚ್ಚು ತೆಗೆದುಕೊಂಡ.