ಮಾವನ ಕಾಲಿನ ಅಳತೆ

ಹೊಳೆ ದಂಡೆಯ ಪಾರ್ಕು ಮಾವನ ಮನೆಗೆ ಎರಡೇ ಬೀದಿ ದೂರ. ಆದರೂ ಮಾವ ಅತ್ತ ಕಾಲಿಟ್ಟು ಒಂದು ವರ್ಷವಾಗಿತ್ತು. ನಲವತ್ತು ವರ್ಷ ಅದೇ ಹೊಳೆಯಲ್ಲಿ ದೋಣಿ ನಡೆಸಿದವರು. ಈಗ ಒಂದು ಕಾಲಿನಲ್ಲಿ ಬಲವಿಲ್ಲ. ಸೊಸೆಯ ಹೊಲಿಗೆ ಯಂತ್ರದ ಪಕ್ಕ ಕೂತು, ಬಿದ್ದ ಗುಂಡಿಗಳನ್ನು ಆರಿಸಿ ಡಬ್ಬಿಗೆ ಹಾಕುವುದೇ ದಿನವಿಡೀ ಕೆಲಸ.

ಪಕ್ಕದ ಮನೆಯ ನರ್ಸಮ್ಮ ಆ ದಿನ ಅವರ ಕಾಲನ್ನು ಒತ್ತಿ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಅಜ್ಜ, ಹೀಗೇ ಕೂತಿದ್ದರೆ ಈ ಕಾಲು ಪೂರ್ತಿ ಕೈಕೊಡುತ್ತೆ."

"ಕೊಡಲಿ ಬಿಡಿ, ಇಂಜೆಕ್ಷನ್ ಅಮ್ಮ. ಮೂರು ಕೈ ಆಗುತ್ತೆ."

"ತಮಾಷೆ ಬೇಡ. ದಿನಾ ನಡೀಲೇಬೇಕು. ಪಾರ್ಕಿಗೆ ಹೋಗಿ."

"ಅದು ಬೂಟು ಹಾಕ್ಕೊಂಡು ಓಡೋರಿಗೆ."

"ಒಂದು ಸಲ ಹೋಗಿ ನೋಡಿ, ಮಾವ," ಎಂದಳು ಸೊಸೆ.

"ಹೋಗಿದ್ದೆ." ಮಾವ ಡಬ್ಬಿಯ ಮುಚ್ಚಳ ಹಾಕಿದರು. "ಅರ್ಧ ದಾರೀಲಿ ಕಾಲು ನಡುಗ್ತು. ಹತ್ತಿರದಲ್ಲಿ ಬೆಂಚಿಲ್ಲ, ನೆಲದ ಮೇಲೇ ಕೂತೆ. ಬೆಳಬೆಳಗ್ಗೆ ಕುಡಿದು ಬಿದ್ದಿದ್ದಾನೆ ಅಂತ ಜನ ಆಡ್ಕೊಂಡು ಹೋದ್ರು."

ಹೊಲಿಗೆ ಯಂತ್ರ ನಿಂತಿತು. ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ.

ನರ್ಸಮ್ಮ ಹೇಳಿದರು: "ಶನಿವಾರ ನಗರಸಭೆಯವರು ಸಭೆ ಕರೆದಿದ್ದಾರೆ. ಪಾರ್ಕು ರಿಪೇರಿಗೆ ಮೊದಲು ಜನರ ಅಭಿಪ್ರಾಯ ಕೇಳ್ತಾರಂತೆ."

"ಕಾರಂಜಿ ಹಾಕ್ತಾರೆ, ಬಣ್ಣದ ದೀಪ ಹಾಕ್ತಾರೆ. ನಮ್ಮ ಮಾತು ಯಾರು ಕೇಳ್ತಾರೆ?"

"ನಾವು ಹೋಗದಿದ್ದರೆ ಕಾರಂಜೀನೇ ಬರುತ್ತೆ, ಅಜ್ಜ. ಬರೀ 'ಚೆನ್ನಾಗಿ ಮಾಡಿ' ಅಂದರೆ ಅವರಿಗಾದರೂ ಏನು ಗೊತ್ತಾಗುತ್ತೆ? ಎಲ್ಲಿ, ಎಷ್ಟು ದೂರಕ್ಕೊಂದು ಬೆಂಚು ಬೇಕು ಅಂತ ಹೇಳಬೇಕು."

ಸೊಸೆ ಕೊರಳಿನಿಂದ ಟೇಪು ತೆಗೆದಳು. "ನಾಳೆ ಹೋಗೋಣ ಮಾವ. ಅಳತೆ ಇಲ್ಲದೆ ನಾನು ಅಂಗಿಗೂ ಕತ್ತರಿ ಹಾಕಲ್ಲ."

ಮರುದಿನ ಬೆಳಿಗ್ಗೆ ಮೂವರೂ ಹೊರಟರು. ಸೊಸೆಯ ಕೈಯಲ್ಲಿ ಒಂದು ಸ್ಟೂಲು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಪಾರ್ಕಿನ ಗೇಟಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಮಾವ ನರ್ಸಮ್ಮನ ಹೆಗಲು ಹಿಡಿದು ಹತ್ತಿದರು. ಆಮೇಲೆ ಎದೆ ಸೆಟೆಸಿ ನಡೆದೇ ನಡೆದರು. ತುಟಿ ಬಿಳುಚಿಕೊಂಡರೂ ನಿಲ್ಲಲಿಲ್ಲ.

"ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಡೋ ಗಿರಾಕಿ ಥರ ಮಾಡಬೇಡಿ, ಮಾವ," ಸೊಸೆ ಮೆಲ್ಲಗೆ ಹೇಳಿದಳು. "ಆಮೇಲೆ ಅಂಗಿ ಬಿಗಿಯಾಗುತ್ತೆ. ನಿಜವಾಗಿ ಎಲ್ಲಿ ಸುಸ್ತಾಯ್ತು?"

ಮಾವ ಸ್ಟೂಲಿನ ಮೇಲೆ ಕುಸಿದು ಕೂತರು. ಇಪ್ಪತ್ತು ಹೆಜ್ಜೆ ಹಿಂದಿದ್ದ ಮರ ತೋರಿಸಿದರು. "ಅಲ್ಲಿ."

ಸೊಸೆ ಅಲ್ಲಿ ಗುರುತು ಹಾಕಿ, ಗೇಟಿನಿಂದ ಟೇಪು ಹಿಡಿದು ಅಳೆದು ಚೀಟಿಯಲ್ಲಿ ಬರೆದುಕೊಂಡಳು. ನೀರು ತಲುಪುವಷ್ಟರಲ್ಲಿ ಗುರುತು ಮೂರಾದವು. ಅಲ್ಲಿದ್ದ ಒಂದೇ ಒಂದು ಬೆಂಚು ಗೋಡೆಯ ಕಡೆ ಮುಖ ಮಾಡಿತ್ತು. ಮಾವ ನಕ್ಕುಬಿಟ್ಟರು. "ದೋಣೀಲಿ ಹುಟ್ಟು ಹಾಕೋವಾಗ ಹೋಗೋ ದಿಕ್ಕಿಗೆ ಬೆನ್ನು ಹಾಕಿದ್ದೀನಿ. ಹೊಳೆಗೇ ಬೆನ್ನು ಹಾಕು ಅಂದ್ರೆ ಹೇಗೆ?"

ಶನಿವಾರದ ಸಭೆಗೆ ಮಾವನೂ ಹೋದರು. ನಗರಸಭೆಯ ಎಂಜಿನಿಯರು ಸೊಸೆ ಬರೆದ ಚೀಟಿ ನೋಡಿ, "ಈ ಅಳತೆ ಎಲ್ಲಿಂದ ಬಂತು?" ಎಂದು ಕೇಳಿದರು.

"ನನ್ನ ಕಾಲಿಂದ," ಎಂದರು ಮಾವ. "ಬೇಕಾದ್ರೆ ಬನ್ನಿ, ನಡೆದು ತೋರಿಸ್ತೀನಿ."

ಕೆಲಸ ಮುಗಿಯಲು ಏಳು ತಿಂಗಳು ಹಿಡಿಯಿತು. ಗೇಟಿಗೆ ಕಂಬಿ ಬಂತು, ಗುರುತು ಹಾಕಿದ ಕಡೆಯಲ್ಲೆಲ್ಲ ಬೆಂಚು ಬಂತು, ಎಲ್ಲವೂ ನೀರಿನ ಕಡೆಗೆ. ಸಭೆಯಲ್ಲಿ ಕೇಳಿದ್ದ ದಾರಿದೀಪ ಇನ್ನೂ ಬಂದಿಲ್ಲ. ನರ್ಸಮ್ಮ ನಗರಸಭೆಯವರ ಬೆನ್ನು ಬಿಟ್ಟಿಲ್ಲ.

ಒಂದು ಸಂಜೆ ಮಾವ ಸೊಸೆಯ ಜೊತೆ ಎರಡನೇ ಬೆಂಚಿಗೆ ಬಂದಾಗ ಬಸುರಿ ಹೆಂಗಸೊಬ್ಬಳು ಅಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ಸರಿದು ಜಾಗ ಕೊಟ್ಟಳು. ಮಾವ ಕೂತು, ಸೊಸೆಯ ಕಿವಿಯಲ್ಲಿ ಹೇಳಿದರು: "ನನಗೆ ಅಂತ ತಗೊಂಡ ಅಳತೆ. ನೋಡು, ಅವಳಿಗೂ ಸರಿಯಾಗಿದೆ."

ನಿಮ್ಮ ಮನೆಯಲ್ಲೂ ಹೊರಗೆ ಹೋಗುವುದನ್ನು ಸದ್ದಿಲ್ಲದೆ ಬಿಟ್ಟವರು ಒಬ್ಬರು ಇರಬಹುದು. ಯಾಕೆ ಬಿಟ್ಟಿರಿ ಎಂದು ಇವತ್ತೇ ಕೇಳಿ. ಅವರ ಜೊತೆ ಒಮ್ಮೆ ಪಾರ್ಕಿಗೆ ನಡೆಯಿರಿ. ಅವರು ಎಲ್ಲಿ ನಿಂತರು ಎಂದು ಬರೆದುಕೊಳ್ಳಿ. ನಗರಸಭೆ ಸಭೆ ಕರೆದ ದಿನ ಆ ಚೀಟಿ ಹಿಡಿದು ಅವರನ್ನೂ ಜೊತೆಗೆ ಕರೆದೊಯ್ಯಿರಿ.